ಹಳೇ ಮೆಟಡೋರಿಗೆ ಹೊಸ ಎಂಜಿನ್ ಬೇಕೆ?

ನಾಗಮಂಗಲ ತಾಲೂಕಿನ ದೇವಲಾಪುರ ಹೋಬಳಿಯಲ್ಲಿ ಹಳೆಯ ವ್ಯಾನ್ ಇಟ್ಟುಕೊಂಡವರಿಗೆ ಅದರ ಕುಂದುಕೊರತೆ ಸೀಮೆಯೊಳಗೆ ಓಡಾಡುವಾಗ ಗೊತ್ತಾಗುವುದಿಲ್ಲ. ರಾಗಿ ಹೊಲ, ತೆಂಗಿನ ತೋಟ, ಕೆರೆ ಏರಿಗಳ ನಡುವೆ ರಸ್ತೆ ಅಲ್ಲೊಂದು ಇಲ್ಲೊಂದು ದಿಣ್ಣೆ ಹತ್ತಿಳಿಯುತ್ತದೆ, ಅಷ್ಟೆ. ಮೇಲುಕೋಟೆಯ ಏರಿನಲ್ಲಿ ಒಂದು ಗೇರ್ ಇಳಿಸಬೇಕಾಗಬಹುದು. ಮುದಿ ಗಾಡಿ ಅದನ್ನೂ ಗೊಣಗಿಕೊಂಡು ಹತ್ತುತ್ತದೆ. ನಿಜವಾದ ಪರೀಕ್ಷೆ ಇರುವುದು ಬೆಳ್ಳೂರು ಕ್ರಾಸಿನಲ್ಲಿ ಮಂಗಳೂರು ಹೆದ್ದಾರಿ ಹಿಡಿದು, ಹಾಸನ, ಸಕಲೇಶಪುರ ದಾಟಿ, ಶಿರಾಡಿ ಇಳಿದು, ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ವಾಪಸ್ ಹತ್ತುವಾಗ. ಸೆಕೆಂಡ್ ಗೇರಿನಲ್ಲಿ ಎಂಜಿನ್ ಒದರುತ್ತದೆ, ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ವಾಲುತ್ತದೆ, ಹಿಂದೆ ಸಾಲುಗಟ್ಟಿದ ಲಾರಿಗಳು ಹಾರ್ನ್ ಹೊಡೆಯುತ್ತವೆ. ಊರಿಗೆ ಬಂದ ಮೇಲೆ ಮೆಕ್ಯಾನಿಕ್ ಹತ್ತಿರ ಹೇಳುವ ಮಾತು ಒಂದೇ: “ಗಾಡಿ ಎಳೀತಿಲ್ಲ ಕಣಣ್ಣ. ಪಂಪು ಒಂಚೂರು ಟೈಟ್ ಮಾಡ್ಕೊಡು. ಇಲ್ಲಾಂದ್ರೆ ಬೇರೆ ಎಂಜಿನ್ನೇ ಕೂರಿಸ್ಬಿಡಾನ.”

ಈ ಬೇಡಿಕೆಯ ಎರಡೂ ಭಾಗದ ಮೇಲೆ ನನಗೆ ತಕರಾರಿದೆ. ಬೆಟ್ಟ ಹತ್ತಬೇಕಾದ ಹಳೆಯ ವ್ಯಾನಿಗೆ ಮಾಡಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ ಹೆಚ್ಚಿನ ಅಶ್ವಶಕ್ತಿ ಎಲ್ಲಕ್ಕಿಂತ ಕೊನೆಗೆ ಬರಬೇಕು. ಎಷ್ಟೋ ಗಾಡಿಗಳಿಗೆ ಅದು ಬರಲೇಬೇಕಾಗಿಲ್ಲ.

ಕ್ಯಾಂಪರ್ ವ್ಯಾನ್ ಎಂದರೆ ಹೊರದೇಶದವರ ಕಣ್ಣ ಮುಂದೆ ಬರುವುದು ದುಂಡು ಮೂತಿಯ ಫೋಕ್ಸ್‌ವ್ಯಾಗನ್ ಬಸ್ಸು. ಒಳಗೆ ಹಾಸಿಗೆ, ಪುಟ್ಟ ಒಲೆ, ಕಿಟಕಿಗೆ ಹೂವಿನ ಪರದೆ. ನಮ್ಮಲ್ಲಿ ಆ ಜಾಗದಲ್ಲಿ ಇದ್ದದ್ದು ಯಾತ್ರೆಯ ಮೆಟಡೋರ್. ಸೀಟಿನಡಿ ಅಕ್ಕಿ ಮೂಟೆ, ಟಾಪಿನ ಕ್ಯಾರಿಯರ್ ತುಂಬ ಜಮಖಾನ, ದಿಂಬು, ದೊಡ್ಡ ಪಾತ್ರೆಗಳು, ಹಿಂಬಾಗಿಲ ಹತ್ತಿರ ಗ್ಯಾಸ್ ಸಿಲಿಂಡರ್ ಮತ್ತು ಸ್ಟೌ. ನೀರಿರುವ ಕಡೆ, ಮರದ ನೆರಳಿರುವ ಕಡೆ ನಿಲ್ಲಿಸಿ ಚಿತ್ರಾನ್ನ ಕಲಸುವುದು, ಛತ್ರ ಸಿಕ್ಕರೆ ಛತ್ರದಲ್ಲಿ, ಇಲ್ಲದಿದ್ದರೆ ಗಾಡಿಯೊಳಗೇ ಕಾಲು ಮಡಿಸಿ ಮಲಗುವುದು. ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಧರ್ಮಸ್ಥಳ, ಹೊರನಾಡು, ಶೃಂಗೇರಿ, ಮಾದಪ್ಪನ ಬೆಟ್ಟ, ಶಬರಿಮಲೆಗೆ ಹೋದ ಒಂದು ತಲೆಮಾರಿನ ಯಾತ್ರೆಗಳು ಹೀಗೆ ನಡೆದವು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿದೆ. ನಮ್ಮ ಹಳ್ಳಿಗಳ ಮಟ್ಟಿಗೆ ಅದು ಹೊಸ ಸುದ್ದಿಯೇನಲ್ಲ. ಹೊಸದೇನೆಂದರೆ ಈಗ ಹುಡುಗರು ಅದೇ ಹಳೆಯ ಮೆಟಡೋರ್, ಟ್ರಾವೆಲರ್, ಓಮ್ನಿಗಳನ್ನು ಕೊಂಡು ಪ್ಲೈವುಡ್ ಮಂಚ, ಸಿಂಕು, ನೀರಿನ ಟ್ಯಾಂಕು, ಸೋಲಾರ್ ಹಲಗೆ ಕೂರಿಸಿಕೊಂಡು ಮಲೆನಾಡಿನ ಕಡೆ ಹೊರಡುತ್ತಿರುವುದು.

ಮೆಟಡೋರಿನ ಹುಟ್ಟೂ ಜರ್ಮನಿಯದೇ. ಅಲ್ಲಿನ ಟೆಂಪೊ–ಹನೋಮಾಗ್ ವ್ಯಾನಿನ ನಕ್ಷೆಯನ್ನು ತಂದು ಪುಣೆಯ ಬಜಾಜ್ ಟೆಂಪೊ ಕಂಪನಿ (ಈಗಿನ ಫೋರ್ಸ್ ಮೋಟರ್ಸ್) 1960ರ ದಶಕದ ಕೊನೆಯಿಂದ ಇಲ್ಲಿ ತಯಾರಿಸಿತು. ಮುಂದೆ ಅದರಲ್ಲೂ, ಟ್ರ್ಯಾಕ್ಸ್, ಟ್ರಾವೆಲರ್‌ಗಳಲ್ಲೂ ಕೂತದ್ದು ಬೆಂಜ್ ಕಂಪನಿಯ ಓಎಂ 616 ಎಂಬ ಡೀಸೆಲ್ ಎಂಜಿನ್: ನಾಲ್ಕು ಸಿಲಿಂಡರ್, 2,404 ಸಿಸಿ, ಟರ್ಬೊ ಇಲ್ಲ, ಮೂಲದಲ್ಲಿ 65 ಅಶ್ವಶಕ್ತಿ. ಇವತ್ತಿನ ಕಣ್ಣಿಗೆ ಇದು ಬಡಕಲು ಲೆಕ್ಕ. ಅದೇ ಕಂಪನಿಯ ಹೊಸ ಕಾಮನ್ ರೈಲ್ ಟ್ರಾವೆಲರ್ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಎಂಜಿನ್ನಿನಿಂದ ಸುಮಾರು 115 ಅಶ್ವಶಕ್ತಿ ತೆಗೆಯುತ್ತದೆ. ಆಸೆ ಹುಟ್ಟುವುದು ಸಹಜ.

ಆಸೆಯನ್ನು ಲೆಕ್ಕಕ್ಕೆ ಹಚ್ಚೋಣ. ಸಾಮಾನು, ಜನ ಎಲ್ಲ ಸೇರಿ ಗಾಡಿ 2,500 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ರಸ್ತೆಯಲ್ಲಿ ಇದನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಿಸಲು, ಟೈರಿನ ಉರುಳುವಿಕೆಯ ತಡೆಯನ್ನೂ ಸೇರಿಸಿದರೆ, ಚಕ್ರದ ಬಳಿ ಸುಮಾರು 32 ಅಶ್ವಶಕ್ತಿ ಸಿಗಬೇಕು. ಲಕ್ಷಾಂತರ ಕಿಲೋಮೀಟರ್ ಓಡಿ ಸವೆದ ಎಂಜಿನ್, ಗೇರ್‌ಬಾಕ್ಸಿನಲ್ಲಿ ಆಗುವ ನಷ್ಟ ಎಲ್ಲ ಕಳೆದು ನಮ್ಮ ಮೆಟಡೋರಿಗೆ ಉಳಿಯುವುದೂ ಹೆಚ್ಚುಕಡಿಮೆ ಅಷ್ಟೆ. ಹಾಗಾಗಿ ಗಾಡಿ 30ರಲ್ಲಿ ಹತ್ತುತ್ತದೆ. ಶಕ್ತಿಯನ್ನು ಶೇ. 20ರಷ್ಟು ಹೆಚ್ಚಿಸಿದರೆ ವೇಗ 36ಕ್ಕೆ ಬರುತ್ತದೆ. ಇಪ್ಪತ್ತು ಕಿಲೋಮೀಟರ್ ಘಾಟಿಗೆ 40 ನಿಮಿಷ ಬೇಕಿದ್ದದ್ದು 33 ನಿಮಿಷ ಸಾಕಾಗುತ್ತದೆ. ಯಾವ ಘಾಟಿಯೂ ಉದ್ದಕ್ಕೂ ಅಷ್ಟು ಕಡಿದಾಗಿರುವುದಿಲ್ಲ; ಕಡಿದಲ್ಲದ ಕಡೆ ತಿರುವುಗಳು, ಮುಂದಿನ ಟ್ಯಾಂಕರ್ ವೇಗವನ್ನು ತೀರ್ಮಾನಿಸುತ್ತವೆ. ನಿಜವಾಗಿ ಉಳಿಯುವುದು ಐದು ನಿಮಿಷವೂ ಇರಲಾರದು. ರಜೆಗೆಂದು ಹೊರಟ ಗಾಡಿಗೆ ಇಷ್ಟಕ್ಕಾಗಿ ಎಂಜಿನ್ ಬಿಚ್ಚುವುದೇ?

ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಗಾಡಿಯಿಂದ 300 ಕೆ.ಜಿ. ಇಳಿಸಿದರೆ, ಒಂದು ನಟ್ಟನ್ನೂ ಮುಟ್ಟದೆ, ಅದೇ ಎಂಜಿನ್ ಅದೇ ಏರನ್ನು 34ರಲ್ಲಿ ಹತ್ತುತ್ತದೆ. 300 ಕೆ.ಜಿ. ಎಲ್ಲಿಂದ ಬರುತ್ತದೆ ಎಂದು ಕೇಳುವವರು ತಮ್ಮ ಕ್ಯಾಂಪರಿನೊಳಗೆ ಒಮ್ಮೆ ಕಣ್ಣಾಡಿಸಲಿ. ಎಂಟಡಿ–ನಾಲ್ಕಡಿಯ 12 ಮಿ.ಮೀ. ಪ್ಲೈವುಡ್ ಹಾಳೆ ಒಂದಕ್ಕೆ ಇಪ್ಪತ್ತು ಕೆ.ಜಿ. ಮೀರುತ್ತದೆ, ಮಂಚ, ಕಪಾಟು, ಅಡುಗೆ ಕಟ್ಟೆ, ಒಳಗೋಡೆ ಎಂದು ಏಳೆಂಟು ಹಾಳೆ ಸಲೀಸಾಗಿ ಹೋಗುತ್ತದೆ. ನೂರು ಲೀಟರ್ ನೀರು ಎಂದರೆ ನೂರು ಕೆ.ಜಿ. ಮನೆಯ 14.2 ಕೆ.ಜಿ. ಗ್ಯಾಸ್ ಸಿಲಿಂಡರ್, ಕಬ್ಬಿಣವೂ ಸೇರಿ ಮೂವತ್ತರ ಹತ್ತಿರ. ಇನ್ವರ್ಟರ್ ಬ್ಯಾಟರಿ, ಟಾಪಿನ ಕಬ್ಬಿಣದ ಕ್ಯಾರಿಯರ್, ‘ಇರಲಿ’ ಎಂದು ಇಟ್ಟುಕೊಂಡ ಎರಡನೇ ಸ್ಟೆಪ್ನಿ ಬೇರೆ. ಪಶ್ಚಿಮ ಘಟ್ಟದ ಕಡೆ ಹೊರಟವರು ಟ್ಯಾಂಕ್ ತುಂಬ ನೀರು ಹೊತ್ತುಕೊಂಡು ಘಾಟಿ ಹತ್ತುವುದನ್ನು ನೋಡಿದರೆ ನಗಬೇಕೋ ಬೈಯಬೇಕೋ ತಿಳಿಯುವುದಿಲ್ಲ. ಕುಡಿಯುವ ನೀರಿನ ಬಗ್ಗೆ ಹೆದರಿಕೆಯಿದ್ದರೆ ಇಪ್ಪತ್ತು ಲೀಟರಿನ ಎರಡು ಕ್ಯಾನು ಸಾಕು.

ತೂಕದ ಜೊತೆಗೆ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಮೆಟಡೋರ್ ಮುಂದಿನ ಚಕ್ರದಿಂದ ಎಳೆಯುವ ಗಾಡಿ. ಏರಿನಲ್ಲಿ ಭಾರ ತಾನಾಗಿಯೇ ಹಿಂದಿನ ಚಕ್ರದ ಕಡೆ ಸರಿಯುತ್ತದೆ. ನಾವು ಮಂಚ, ಟ್ಯಾಂಕು, ಸಿಲಿಂಡರುಗಳನ್ನೆಲ್ಲ ಹಿಂಬಾಗಿಲಿಗೇ ಒತ್ತಿಟ್ಟರೆ ಮುಂದಿನ ಚಕ್ರ ಇನ್ನಷ್ಟು ಹಗುರಾಗುತ್ತದೆ. ಮಳೆಗಾಲದ ಚಾರ್ಮಾಡಿಯಲ್ಲಿ, ಇಲ್ಲವೇ ಎಸ್ಟೇಟಿನ ಜಲ್ಲಿ ದಾರಿಯ ಕಡಿದಾದ ತಿರುವಿನಲ್ಲಿ ಚಕ್ರ ನಿಂತಲ್ಲೇ ತಿರುಗಿ ಮಣ್ಣು ಎರಚುತ್ತದೆ. ಆಗ ಎಂಜಿನ್ನಿಗೆ ನೂರು ಅಶ್ವಶಕ್ತಿ ಇದ್ದರೆ ಮಣ್ಣು ಇನ್ನಷ್ಟು ದೂರ ಎರಚಬಹುದು, ಅಷ್ಟೆ.

ಇನ್ನು ಪಂಪಿನ ಮಾತು. ಹಳೆಯ ಡೀಸೆಲ್ ಪಂಪಿನಲ್ಲಿ ಒಂದು ಸ್ಕ್ರೂ ತಿರುಗಿಸಿ ಎಂಜಿನ್ನಿಗೆ ಹೋಗುವ ಡೀಸೆಲ್ ಹೆಚ್ಚಿಸಬಹುದು ಎಂಬುದು ನಿಜ. ಬಯಲಲ್ಲಿ ಪಿಕಪ್ ಬಂದಂತೆಯೂ ಅನ್ನಿಸುತ್ತದೆ. ಆದರೆ ಡೀಸೆಲ್ ಉರಿಯಲು ಗಾಳಿ ಬೇಕು. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ನೂರು ಮೀಟರಿಗೆ ಸರಿಸುಮಾರು ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರ ಮಟ್ಟದಿಂದ ಏಳುನೂರು ಮೀಟರಿಗೂ ಮೇಲಿರುವ ನಾಗಮಂಗಲದಲ್ಲೇ ಕಂಪನಿ ಹೇಳಿದ 65ರಲ್ಲಿ ನಾಲ್ಕೈದು ಕುದುರೆ ಇರುವುದಿಲ್ಲ. 2,240 ಮೀಟರಿನ ಊಟಿ ತಲುಪುವಷ್ಟರಲ್ಲಿ ಐದರಲ್ಲಿ ಒಂದು ಪಾಲು ಹೋಗಿರುತ್ತದೆ. ಇಂಥ ಕಡೆ, ಗಾಳಿ ಕಡಿಮೆಯಾದ ಜಾಗದಲ್ಲಿ, ಡೀಸೆಲ್ ಹೆಚ್ಚು ಸುರಿದರೆ ಆಗುವುದೇನು? ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಹಿಂದಿನವರ ಮುಖಕ್ಕೆ ಹೋಗುತ್ತದೆ, ಉರಿದದ್ದು ಪಿಸ್ಟನ್ನಿನ ತಲೆಯನ್ನೂ ವಾಲ್ವನ್ನೂ ಸುಡುತ್ತದೆ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ಪಂಪ್ ಟೈಟ್ ಮಾಡಿಸುವುದು ಬೆಟ್ಟಕ್ಕೆಂದು ಮಾಡಿಸುವ ಕೆಲಸ. ಅದು ಅತಿ ಹೆಚ್ಚು ಹಾನಿ ಮಾಡುವುದೂ ಬೆಟ್ಟದಲ್ಲೇ. ಪೆಟ್ರೋಲಿನ ಹಳೆಯ ಕಾರ್ಬುರೇಟರ್ ಗಾಡಿಗಳದೂ ಇದೇ ಕಥೆ: ಎತ್ತರದಲ್ಲಿ ಮಿಶ್ರಣ ತಾನಾಗಿಯೇ ಗಟ್ಟಿಯಾಗುತ್ತದೆ, ಪ್ಲಗ್ ಕಪ್ಪಗಾಗುತ್ತದೆ. ಅಲ್ಲಿ ಬೇಕಾದದ್ದು ಸಣ್ಣ ಜೆಟ್. ನಮ್ಮವರು ಹಾಕಿಸುವುದು ದೊಡ್ಡದು.

ಟರ್ಬೊ ಕೂರಿಸಿದರೆ? ತಾತ್ವಿಕವಾಗಿ ಅದೇ ಸರಿಯಾದ ಉತ್ತರ. ಎತ್ತರದ ರೋಗಕ್ಕೆ ಟರ್ಬೊ ಮದ್ದು ಎಂಬುದು ನೂರು ವರ್ಷಕ್ಕೂ ಹಿಂದೆ ರುಜುವಾಗಿದೆ. 1918ರಲ್ಲಿ ಸ್ಯಾನ್‌ಫೋರ್ಡ್ ಮಾಸ್ ಎಂಬ ಅಮೆರಿಕದ ಎಂಜಿನಿಯರ್ ಲಿಬರ್ಟಿ ವಿಮಾನದ ಎಂಜಿನ್ನೊಂದನ್ನು ಕೊಲರಾಡೊದ ಪೈಕ್ಸ್ ಪೀಕ್ ಎಂಬ ಶಿಖರಕ್ಕೆ ಹೊತ್ತೊಯ್ದ. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ನಾಲ್ಕು ಸಾವಿರ ಮೀಟರಿಗೂ ಮೇಲಿನ ಆ ತುದಿಯಲ್ಲಿ ಮೂರನೇ ಒಂದು ಪಾಲು ಶಕ್ತಿ ಕಳೆದುಕೊಂಡು ನಿಂತಿತು. ಟರ್ಬೊ ಜೋಡಿಸಿದಾಗ ಕಳೆದದ್ದೆಲ್ಲ ವಾಪಸ್ ಬಂತು. ಆದರೆ ಆ ಎಂಜಿನ್ನನ್ನು ಬಲ್ಲ ಎಂಜಿನಿಯರು ಪಕ್ಕದಲ್ಲೇ ಇದ್ದ. ನಮ್ಮ ಸವೆದ ಓಎಂ 616ಕ್ಕೆ ಗುಜರಿಯಿಂದ ತಂದ ಯಾವುದೋ ಗಾಡಿಯ ಟರ್ಬೊ ಹಾಕುವುದು ಬೇರೆ ಮಾತು. ಟರ್ಬೊ ಬಂದರೆ ಪಿಸ್ಟನ್ನಿಗೆ ತಂಪು ಎಣ್ಣೆ ಬೇಕು, ಆಯಿಲ್ ಕೂಲರ್ ಬೇಕು, ದೊಡ್ಡ ರೇಡಿಯೇಟರ್ ಬೇಕು, ಗಟ್ಟಿ ಕ್ಲಚ್ ಬೇಕು. ಕಂಪನಿಯವರು ಟರ್ಬೊ ಹಾಕುವಾಗ ಎಂಜಿನ್ನಿನ ಒಳಗನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ನಾವು ಟರ್ಬೊ ಒಂದನ್ನೇ ಬದಲಿಸುತ್ತೇವೆ.

ಬೆಟ್ಟದಲ್ಲಿ ಶಕ್ತಿಯ ಜೊತೆಜೊತೆಗೇ ಬಿಸಿ ಹುಟ್ಟುತ್ತದೆ ಎಂಬುದನ್ನು ಗಾಡಿ ಮಾರ್ಪಡಿಸುವವರು ಮರೆಯುತ್ತಾರೆ. ಸುಟ್ಟ ಇಂಧನದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರದ ಕಡೆ ಹೋಗುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರಿನಿಂದ ಹೊರಗೆ, ಇನ್ನೊಂದು ಪಾಲು ರೇಡಿಯೇಟರಿಗೆ. ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತದೆ. ಘಾಟಿಯಲ್ಲಿ ಮೂವತ್ತರಲ್ಲಿ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಳಿ ಮಾತ್ರ ಫ್ಯಾನ್ ಕೊಟ್ಟಷ್ಟೆ. ಅದರ ಮೇಲೆ ನಮ್ಮ ಕಡೆಯ ಗಡುಸು ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ತುಂಬಿಸಿದ ರೇಡಿಯೇಟರಿನ ಕೊಳವೆಗಳು ಒಳಗೆ ಸುಣ್ಣ ಕಟ್ಟಿರುತ್ತವೆ. ‘ಗಾಡಿ ಕಾಯ್ತದೆ’ ಎಂದ ತಕ್ಷಣ ಥರ್ಮೋಸ್ಟಾಟ್ ಕಿತ್ತು ಎಸೆಯುವುದು ಗ್ಯಾರೇಜುಗಳಲ್ಲಿ ರೂಢಿ. ಕಾದ ಎಂಜಿನ್ನಿನಲ್ಲಿ ಅದು ಹೇಗಿದ್ದರೂ ಪೂರ್ತಿ ತೆರೆದೇ ಇರುತ್ತದೆ, ಕಿತ್ತರೆ ಏರಿನಲ್ಲಿ ಲಾಭವಿಲ್ಲ; ಕೆಲವು ಎಂಜಿನ್ನುಗಳಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿ ಹಿಡಿದು ಬಿಸಿ ಇನ್ನೂ ಏರುತ್ತದೆ. ಫೋಕ್ಸ್‌ವ್ಯಾಗನ್ ಬಸ್ಸಿನ ಗಾಳಿ ತಂಪಿನ ಎಂಜಿನ್ನಿನಲ್ಲೂ ಇದೇ ತೊಂದರೆಯಿತ್ತು. ಆಯಿಲ್ ಕೂಲರ್ ಅಡ್ಡ ನಿಂತಿದ್ದರಿಂದ ಮೂರನೇ ಸಿಲಿಂಡರಿಗೆ ತಣ್ಣನೆಯ ಗಾಳಿ ಸಾಕಷ್ಟು ಸಿಗುತ್ತಿರಲಿಲ್ಲ. ಅದರ ಬೋರ್ ದೊಡ್ಡದು ಮಾಡಿ, ಜೋಡಿ ಕಾರ್ಬುರೇಟರ್ ಹಾಕಿ ಆಲ್ಪ್ಸ್ ಹತ್ತಲು ಹೊರಟವರಿಗೆ ಎಂಜಿನ್ ಕೊಟ್ಟದ್ದು ಮೊದಲು ಖುಷಿ, ಆಮೇಲೆ ಬಿಲ್ಲು.

ಆ ಬಸ್ಸಿನ ತಯಾರಕರು ತಾವೇ ಏನು ಮಾಡಿದ್ದರು ನೋಡಿ. 1950ರಲ್ಲಿ ಹೊರಬಂದಾಗ ಅದರ ಎಂಜಿನ್ 1,131 ಸಿಸಿ, ಶಕ್ತಿ ಬರೀ 25. ನಮ್ಮ ಮಾರುತಿ ಓಮ್ನಿಯ 796 ಸಿಸಿ ಎಂಜಿನ್ನಿಗೂ ಅದಕ್ಕಿಂತ ಹೆಚ್ಚು ಶಕ್ತಿಯಿತ್ತು. ಅಷ್ಟರಲ್ಲೇ ಒಂದು ಸಂಸಾರವನ್ನು ಬೆಟ್ಟ ಹತ್ತಿಸಲು ಅವರು ಹಿಂದಿನ ಎರಡು ಚಕ್ರಗಳ ಬಳಿ ಗೇರು ಇಳಿಸುವ ಪುಟ್ಟ ಪೆಟ್ಟಿಗೆಗಳನ್ನು ಕೂರಿಸಿದ್ದರು. ವೇಗ ಹೋಯಿತು, ಎಳೆತ ಬಂತು. ನೀಲಗಿರಿ ರೈಲಿನದೂ ಇದೇ ಬುದ್ಧಿ. ಮೆಟ್ಟುಪಾಳ್ಯದಿಂದ ಕುನ್ನೂರಿಗೆ 1899ರಲ್ಲಿ ಶುರುವಾದ ಆ ದಾರಿಯಲ್ಲಿ ಹನ್ನೆರಡಕ್ಕೆ ಒಂದರ ಏರು. ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿ, ಸೈಕಲ್ ವೇಗದಲ್ಲಿ ಹತ್ತುವ ಎಂಜಿನ್ ಕಟ್ಟಿದರು. ಅದು ಇವತ್ತೂ ಹತ್ತುತ್ತಿದೆ. ಏರು ಹತ್ತುತ್ತದೋ ಇಲ್ಲವೋ ಎಂಬುದನ್ನು ಗೇರು ನಿರ್ಧರಿಸುತ್ತದೆ. ಎಷ್ಟು ಬೇಗ ಹತ್ತುತ್ತದೆ ಎಂಬುದನ್ನು ಮಾತ್ರ ಅಶ್ವಶಕ್ತಿ. ಈ ಎರಡನ್ನು ಕಲಸಿದ್ದೇ ಗ್ಯಾರೇಜಿನ ಮುಂದೆ ನಡೆಯುವ ಅರ್ಧ ವಾದಗಳ ಮೂಲ. ಮೆಟಡೋರ್ ಓಡಿಸಿದ ಹಳೆಯ ಡ್ರೈವರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಿರುವು ಕಾಣುವ ಮುಂಚೆಯೇ ಅವರ ಕೈ ಗೇರಿಗೆ ಹೋಗಿರುತ್ತಿತ್ತು. ಎಂಜಿನ್ ಉಸಿರು ಕಟ್ಟಿದ ಮೇಲೆ ಗೇರ್ ಹುಡುಕುವುದು ಈಗಿನವರ ಪದ್ಧತಿ. ಅವರಿಗೆ ಗಾಡಿ ಎಳೆಯುತ್ತಿಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ.

ಹಾಗೆಂದು ಎಳೆಯದ ಗಾಡಿಯನ್ನು ಹಾಗೇ ಬಿಡಿ ಎನ್ನುತ್ತಿಲ್ಲ. 65 ಕುದುರೆಯ ಎಂಜಿನ್ 45 ಕೊಡುತ್ತಿದ್ದರೆ ಆ ಇಪ್ಪತ್ತನ್ನು ವಾಪಸ್ ತರುವುದು ನ್ಯಾಯವಾದ ಕೆಲಸ, ಮತ್ತು ಅದು ಹೊಸ ಶಕ್ತಿ ಸೇರಿಸುವುದಕ್ಕಿಂತ ಎಷ್ಟೋ ಅಗ್ಗ. ಕಂಪ್ರೆಶನ್ ನೋಡಿಸಬೇಕು, ಒಂದು ಸಿಲಿಂಡರ್ ಸೋತಿದ್ದರೆ ಉಳಿದ ಮೂರು ಅದನ್ನೂ ಹೊತ್ತುಕೊಂಡು ಬೆಟ್ಟ ಹತ್ತುತ್ತಿರುತ್ತವೆ. ನಾಜಲ್ ಬಿಚ್ಚಿ ಟೆಸ್ಟ್ ಬೆಂಚಿನ ಮೇಲೆ ಪ್ರೆಶರ್ ಹಿಡಿಸಬೇಕು. ಡೀಸೆಲ್ ಮಂಜಿನಂತೆ ಚಿಮ್ಮದೆ ತೊಟ್ಟಿಕ್ಕುವ ನಾಜಲ್ ಅರ್ಧ ರೋಗಕ್ಕೆ ಕಾರಣ. ಪಂಪನ್ನೂ ಬೆಂಚಿನ ಮೇಲೆ ಕಂಪನಿ ಅಳತೆಗೇ ತರಬೇಕು, ಟೈಮಿಂಗ್ ನೋಡಬೇಕು, ಟಪೆಟ್ ಹೊಂದಿಸಬೇಕು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬಗ್ಗೆ ಹೇಳುವುದೇ ಬೇಡ, ಆದರೂ ಜನ ಮರೆಯುತ್ತಾರೆ. ಕ್ಲಚ್ ಪ್ಲೇಟ್ ಜಾರುತ್ತಿದ್ದರೆ ಎಂಜಿನ್ ಎಷ್ಟು ಒದರಿದರೂ ಗಾಡಿ ಎಳೆಯದು. ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಂಡೇ ಇದ್ದರೂ ಅಷ್ಟೆ: ಓಡಿಸಿ ನಿಲ್ಲಿಸಿದ ಮೇಲೆ ಯಾವ ಚಕ್ರದ ಡ್ರಮ್ ಉಳಿದವುಗಳಿಗಿಂತ ಬಿಸಿ ಎಂದು ಹುಷಾರಾಗಿ ಕೈ ಹತ್ತಿರ ಹಿಡಿದರೆ ಗೊತ್ತಾಗುತ್ತದೆ. ಬಹುಪಾಲು ಗಾಡಿಗಳ ‘ಪವರ್ ಇಲ್ಲ’ ಎಂಬ ದೂರು ಇಲ್ಲೇ ಮುಗಿಯುತ್ತದೆ. ತೊಂದರೆಯೇನೆಂದರೆ ಈ ಕೆಲಸಗಳಲ್ಲಿ ಯಾವುದೂ ಹೊರಗೆ ಕಾಣುವುದಿಲ್ಲ. ನಾಜಲ್ ಸರಿಮಾಡಿಸಿದ ಕಥೆಯನ್ನು ಚಹಾದಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಬೇರೆ ಎಂಜಿನ್ ಕೂರಿಸಿದ ಕಥೆಗೆ ಜನ ಕೂಡುತ್ತಾರೆ.

ಇನ್ನು ಇಳಿಯುವ ವಿಚಾರ. ಗಾಡಿಯ ಶಕ್ತಿಯ ಬಗ್ಗೆ ಮಾತಾಡುವಷ್ಟು ಹೊತ್ತಿನಲ್ಲಿ ಹತ್ತನೇ ಒಂದು ಪಾಲನ್ನೂ ನಾವು ಇದಕ್ಕೆ ಕೊಡುವುದಿಲ್ಲ. ಹತ್ತಲಾಗದ ಗಾಡಿ ನಿಲ್ಲುತ್ತದೆ, ಅಷ್ಟೆ. ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ, ಜನ ಇಳಿದು ನಡೆಯುತ್ತಾರೆ, ಎಂಜಿನ್ ತಣಿದ ಮೇಲೆ ಮತ್ತೆ ಹೊರಡುತ್ತದೆ. ಇಳಿಯುವಾಗ ನಿಲ್ಲದ ಗಾಡಿಯ ಕಥೆ ಬೇರೆ. 2,500 ಕೆ.ಜಿ. ಗಾಡಿ 800 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡು ಕೋಟಿ ಜೂಲ್. ಹೆಚ್ಚುಕಡಿಮೆ ಅರವತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಎಂಜಿನ್ ಬ್ರೇಕಿಂಗ್ ಮತ್ತು ಟೈರು ತಿಂದಷ್ಟು ಬಿಟ್ಟು ಉಳಿದದ್ದೆಲ್ಲ ನಾಲ್ಕು ಡ್ರಮ್ಮುಗಳೊಳಗೆ ಹೋಗಬೇಕು. ಡ್ರಮ್ ಕಾದು ಹಿಗ್ಗಿದರೆ ಲೈನರ್ ಅದನ್ನು ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯುವುದು 205 ಡಿಗ್ರಿಗೆ. ವರ್ಷಗಳಿಂದ ತೇವ ಹೀರಿಕೊಂಡದ್ದಾದರೆ 140ಕ್ಕೇ. ಹಳೆಯ ವ್ಯಾನ್ ಇರುವವರಲ್ಲಿ ಬ್ರೇಕ್ ಆಯಿಲ್ ಕಡಿಮೆಯಾದಾಗ ಮೇಲೆ ಸುರಿದವರು ಬಹಳ, ಪೂರ್ತಿ ಬಸಿದು ಬದಲಿಸಿದವರು ಕಡಿಮೆ.

ಇದಕ್ಕೆ ನಮ್ಮ ಡ್ರೈವಿಂಗಿನ ಒಂದು ಕೆಟ್ಟ ಚಾಳಿ ಸೇರುತ್ತದೆ. ಡೀಸೆಲ್ ಉಳಿಸುವ ನೆಪದಲ್ಲಿ ನ್ಯೂಟ್ರಲ್ ಮಾಡಿ ಇಳಿಯುವುದು, ಇನ್ನೂ ಹೋದರೆ ಎಂಜಿನ್ನನ್ನೇ ಆಫ್ ಮಾಡುವುದು. ಬ್ರೇಕಿನ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಕೊಡುವುದು ಓಡುತ್ತಿರುವ ಎಂಜಿನ್. ಅದು ನಿಂತರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಅಪಘಾತಗಳು ಹೆಚ್ಚಿದ ಮೇಲೆ ಅಲ್ಲಿ ಹೊರಗಿನ ವಾಹನಗಳು ಇಳಿಯದಂತೆ ಆಡಳಿತ ತಡೆ ಹಾಕಿತು, ಹತ್ತುವುದಕ್ಕೆ ಅಡ್ಡಿ ಮಾಡಲಿಲ್ಲ. ಆ ಬೆಟ್ಟದ ಅಪಾಯ ಯಾವ ದಿಕ್ಕಿನಲ್ಲಿದೆ ಎಂಬುದು ಆಡಳಿತಕ್ಕೆ ಅರ್ಥವಾಗಿದೆ. ಎಂಜಿನ್ನಿಗೆ ಶಕ್ತಿ ಸೇರಿಸಿದವನು ಅದೇ ಹಳೆಯ ಡ್ರಮ್ಮುಗಳಿಂದ ಹೆಚ್ಚಿನ ವೇಗವನ್ನು ತಡೆಯಲು ಹೊರಟಿರುತ್ತಾನೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಿಂಬಂ ಘಾಟಿಯ 27 ತಿರುವುಗಳಲ್ಲಿ ಒಂದರಲ್ಲಿಯೂ ಅದು ಕ್ಷಮೆ ಸಿಗುವ ತಪ್ಪಲ್ಲ.

ಕಾನೂನಿನ ಮಾತನ್ನೂ ಆಡಬೇಕು, ಏಕೆಂದರೆ ಗ್ಯಾರೇಜಿನಲ್ಲಿ ಯಾರೂ ಆಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಹಾಳಾದ ಎಂಜಿನ್ ಬದಲಿಸುವುದಕ್ಕೆ ಆರ್‌ಟಿಒ ಅನುಮತಿಯ ದಾರಿ ಇದೆ. ಅದೇ ಮಾದರಿಯ ಎಂಜಿನ್ ಆದರೆ ಆ ದಾರಿ ಸುಗಮ. ಗಾಡಿ ಹಳೆಯದಾದಷ್ಟೂ ಇನ್ನೊಂದು ಮುಖವಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಮೊದಮೊದಲ ಮೆಟಡೋರುಗಳು ಈಗ ಆ ವಯಸ್ಸಿಗೆ ಬಂದಿವೆ. ಎಂಜಿನ್, ಚಾಸಿಸ್, ಬಾಡಿ ಮಾರ್ಪಡಿಸಿದ ಗಾಡಿಗೆ ಆ ಮಾನ್ಯತೆ ಸಿಗದು. ಇಷ್ಟು ವರ್ಷ ಬದುಕುಳಿದ ಮೆಟಡೋರ್ ಎಷ್ಟಿವೆಯೋ. ಇದ್ದ ಒಂದರ ಹೊಟ್ಟೆ ಬಗೆದು ಬೇರೆ ಎಂಜಿನ್ ತುರುಕುವುದು ನನಗೆ ಹಿಡಿಸುವುದಿಲ್ಲ. ಇದು ತರ್ಕಕ್ಕಿಂತ ಮನಸ್ಸಿಗೆ ಸೇರಿದ ಮಾತು ಎಂದರೂ ಸರಿ.

ಎದುರು ವಾದದಲ್ಲಿ ಗಟ್ಟಿಯಾದದ್ದೊಂದಿದೆ. ನಿಧಾನದ ಗಾಡಿಯೂ ಅಪಾಯವೇ, ಅದರ ಹಿಂದೆ ಸಿಕ್ಕಿಕೊಂಡವರು ಸಹನೆ ಕಳೆದುಕೊಂಡು ತಿರುವಿನಲ್ಲೇ ನುಗ್ಗುತ್ತಾರೆ ಎಂಬುದು. ಶಿರಾಡಿಯಲ್ಲಿ ಇದನ್ನು ದಿನವೂ ನೋಡಬಹುದು. ಆದರೆ 30ರ ಗಾಡಿಯನ್ನು 36ಕ್ಕೆ ಏರಿಸಿದರೆ ಹಿಂದಿನ ಕಾರಿನವನ ಸಹನೆ ಬೆಳೆಯುವುದಿಲ್ಲ. ಅಗಲ ಸಿಕ್ಕ ಕಡೆ ಇಂಡಿಕೇಟರ್ ಹಾಕಿ ಪಕ್ಕಕ್ಕೆ ಸರಿದು ಹಿಂದಿನ ಸಾಲನ್ನು ಬಿಟ್ಟುಕೊಟ್ಟರೆ ಇಬ್ಬರಿಗೂ ಕ್ಷೇಮ, ಎಂಜಿನ್ನಿಗೂ ಎರಡು ನಿಮಿಷ ವಿಶ್ರಾಂತಿ. ಇನ್ನು ಬಂಡೀಪುರದಂಥ ಕಡೆ, ರಾತ್ರಿ 9ಕ್ಕೆ ಗೇಟು ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವ ಕಾಡುದಾರಿಯಲ್ಲಿ, ತಡವಾದವರನ್ನು ಕಾಪಾಡುವುದು ಮನೆಯಿಂದ ಮುಂಚೆ ಹೊರಡುವ ಬುದ್ಧಿಯೇ ಹೊರತು ಬಾನೆಟ್ಟಿನಡಿಯ ಏನೂ ಅಲ್ಲ.

ಇಷ್ಟಾದ ಮೇಲೂ ಕೆಲವರಿಗೆ ಹೆಚ್ಚಿನ ಶಕ್ತಿ ನಿಜವಾಗಿಯೂ ಬೇಕಾಗಬಹುದು. ಬಾಡಿಗೆಗೆ ಕ್ಯಾರವಾನ್ ಓಡಿಸುವವರು, ವಾರಕ್ಕೆರಡು ಸಲ ಮುಳ್ಳಯ್ಯನಗಿರಿ ಕಡೆ, ಕೊಡಗಿನ ಕಡೆ ಜನ ಕರೆದೊಯ್ಯುವವರು, ಮನೆಯಲ್ಲಿ ಹೆಚ್ಚು ಹೊತ್ತು ಕೂರಲಾಗದ ಹಿರಿಯರಿರುವವರು. ಅವರಿಗೆ ನನ್ನ ಸಲಹೆ, ಮೆಟಡೋರನ್ನು ಹಾಗೇ ಬಿಟ್ಟು ಟರ್ಬೊ ಇರುವ ಟ್ರಾವೆಲರ್ ಕೊಳ್ಳುವುದು. ಅದರ ಬ್ರೇಕು, ಆಕ್ಸಲ್ಲು, ರೇಡಿಯೇಟರು, ಗೇರ್‌ಬಾಕ್ಸು ಎಲ್ಲವನ್ನೂ ಆ ಶಕ್ತಿಗೇ ಲೆಕ್ಕ ಹಾಕಿ ಮಾಡಿರುತ್ತಾರೆ, ಆರ್‌ಸಿಯಲ್ಲೂ ಅದೇ ಇರುತ್ತದೆ. ಮೆಟಡೋರನ್ನೇ ಹಿಡಿದುಕೊಂಡಿರುವವರು ಎಂಜಿನ್ನಿಗೆ ತೆಗೆದಿಟ್ಟ ದುಡ್ಡಿನಲ್ಲಿ ಮೊದಲು ನಾಲ್ಕೂ ಚಕ್ರ ಬಿಚ್ಚಿಸಿ ಡ್ರಮ್, ಲೈನರ್, ವೀಲ್ ಸಿಲಿಂಡರ್, ಹ್ಯಾಂಡ್ ಬ್ರೇಕಿನ ಕೇಬಲ್ ನೋಡಿಸಲಿ, ಆಯಿಲ್ ಪೂರ್ತಿ ಬದಲಿಸಲಿ. ಉಳಿದದ್ದರಲ್ಲಿ ರೇಡಿಯೇಟರ್ ಕೋರ್ ಮತ್ತು ನಾಜಲ್. ಅಷ್ಟಕ್ಕೂ ದುಡ್ಡು ಮಿಕ್ಕಿದರೆ, ಪಂಪಿನ ಸ್ಕ್ರೂ ಇರುವ ಕಡೆ ಕೈ ಹೋಗದಂತೆ ಅದರ ಮೇಲೆ ಕಂಪನಿಯವರು ಹಾಕಿದ್ದ ಸೀಲು ಇನ್ನೂ ಇದೆಯೇ ಎಂದು ನೋಡಿಸಲಿ. ಬಹುಮಟ್ಟಿಗೆ ಇರುವುದಿಲ್ಲ.